ನೋಡಿದವರ ಪಟ್ಟಿ

ಕದ್ರಿಯ ಗುಡಿಯ ಬಾಗಿಲಲ್ಲಿ ಐತಾಳ ಸರ್ ಹೇಳಿದರು:
ಬ್ಯಾಗಿಗೆ ಹಾಕಿ ಎಲ್ಲ. ಒಳಗೆ ಫೋಟೊ ಇಲ್ಲ.
ಬಿ.ಎ. ಎರಡನೇ ವರ್ಷದ ನಲವತ್ತೊಂದು ಫೋನು
ಝಿಪ್ಪಿನ ಹಿಂದೆ ಗುಂಯ್‌ಗುಟ್ಟುತ್ತ ಉಳಿದವು,
ಬುಟ್ಟಿಯೊಳಗಿನ ಏಡಿಗಳ ಹಾಗೆ.

ಕಂಚಿನ ಲೋಕೇಶ್ವರ. ಮುಖ ಮೂರು, ಕೈ ಆರು.
ಸಾವಿರ ವರ್ಷದ ಮೇಲಾಯಿತು ಕೂತು.
ಹಲಗೆ ಇಲ್ಲದ್ದಕ್ಕೆ ಸರ್ ಗಾಳಿಯಲ್ಲೇ ಬೆರಳಿಂದ ಬರೆದರು:
ಅವಲೋಕಿತ.
ಕೆಳಗೆ ನೋಡುವವನು, ಅಳು ಕೇಳಿದರೆ ತಲೆ ಬಾಗಿಸುವವನು.

ಹಿಂದಿನಿಂದ ಯಾರೋ:
ಹಾಗಾದರೆ ನಾವೂ ಅವಲೋಕಿತರೇ ಮಾರಾಯ,
ಇಡೀ ದಿನ ಕೆಳಗೇ ನೋಡುವುದು!
ನಗು. ನಾನೂ ನಕ್ಕೆ.
ನಗುವುದು ನನಗೆ ಸುಲಭ. ಬಂದ ತೊಂದರೆಯೂ ಅದರದೇ.

ಜನವರಿಯಲ್ಲಿ ರೆನಿಟಾ ಕ್ರಾಸ್ತಾ ಒಂದು ವಿಡಿಯೊ ಹಾಕಿದಳು.
ಪಣಂಬೂರು, ಸಂಜೆ, ಅವಳಜ್ಜಿಯ ಒಗಟು:
ನೀರಲ್ಲಿ ಹುಟ್ಟಿ, ನೀರಿಗೇ ಬಿದ್ದು ಸಾಯುವುದು ಯಾವುದು?
ತುಟಿ ಕೂಡುವ ಅಕ್ಷರ ಬಂದಲ್ಲಿ
ಅವಳ ಮಾತು ನಿಂತುಬಿಡುತ್ತದೆ, ಚಿಕ್ಕಂದಿನಿಂದ.
ನಾನು ಕೆಳಗೆ ಬರೆದೆ:
"ನೆಟ್‌ವರ್ಕ್ ಇಲ್ವಾ? ಬಫರ್ ಆಗ್ತಾ ಉಂಟು!"

ನಾನೂರ ಹನ್ನೆರಡು ಹೃದಯ.
ರಾತ್ರಿ ಎದ್ದೆದ್ದು ನೋಡಿದೆ, ನಾನೂರ ಹದಿಮೂರು ಆಯಿತೇ ಎಂದು.
ತೃಷ್ಣೆ: ನಮಗದು ಎರಡು ಅಂಕದ ಪ್ರಶ್ನೆ.
ಕಡಲ ನೀರು ಕುಡಿದವಳಿಗೆ ಗೊತ್ತು ಉಳಿದದ್ದು.

ಅನಿತ್ಯ ಎಂದರೆ ಸ್ಟೇಟಸ್ ಎಂದುಕೊಂಡಿದ್ದೆ,
ಇಪ್ಪತ್ತನಾಲ್ಕು ಗಂಟೆ, ಆಮೇಲೆ ಇಲ್ಲ.
ಮೂರನೇ ದಿನ ಅಳಿಸಿದೆ.
ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದು
ಕ್ಲಾಸಿನ ಗುಂಪಿಗೆ ಹಾಕಿಯಾಗಿತ್ತು.
ಕರ್ಮದ ಪಾಠಕ್ಕೆ ನನಗೆ ಬೇರೆ ನೋಟ್ಸ್ ಬೇಡ.

ಹಾಜರಿಗೆ ಅವಳೀಗ ಕೈ ಮಾತ್ರ ಎತ್ತುತ್ತಾಳೆ.
ಇವತ್ತು ಬಂದೇ ಇಲ್ಲ.

ಫೋಟೊ ಇಲ್ಲದ್ದರಿಂದ ನೋಡಲೇಬೇಕಾಯಿತು.
ನೋಡಿದೆ.
ಆರು ಕೈಯಲ್ಲಿ ಒಂದಾದರೂ ಹೆಬ್ಬೆರಳೆತ್ತಿರಲಿಲ್ಲ.
ಇಷ್ಟು ವರ್ಷ ಬಂದುಹೋದವರ ಪಟ್ಟಿ
ಅವನ ಹತ್ತಿರ ಇದ್ದಂತಿಲ್ಲ.
ಬೇಕೆಂದೂ ಅನ್ನಿಸಿದಂತಿಲ್ಲ.

ಹೊರಗೆ ಬಂದದ್ದೇ ಎಲ್ಲರೂ ಝಿಪ್ ಎಳೆದರು.
ನಾನು ಮಲ್ಲಿಕಟ್ಟೆಗೆ ನಡೆದು ಕುಲಶೇಖರದ ಬಸ್ಸು ಹತ್ತಿದೆ.
ಸಾರಿ ಎಂದು ಟೈಪ್ ಮಾಡಬಹುದಿತ್ತು, ಕೈಮುಗಿದ ಎಮೋಜಿ ಸಮೇತ.
ಉಸಿರು ಎಣಿಸಲು ಹೋದೆ;
ಕಂಡಕ್ಟರನ ಸೀಟಿಗೆ ನಾಲ್ಕರಲ್ಲೇ ಲೆಕ್ಕ ತಪ್ಪಿತು.
ಸ್ಟಾಪು ಎಣಿಸಿದೆ.

ಬಾಗಿಲು ಅವಳೇ ತೆಗೆದಳು.
ಬೂತಾಯಿ ಶುಚಿ ಮಾಡುತ್ತಿದ್ದ ಕೈ,
ಅಂಗೈಗೆ ಅಂಟಿದ ಬಿಳಿ ಹರಳು.
"ತಪ್ಪಾಯ್ತು" ಎಂದೆ. ಅಷ್ಟು ಸಣ್ಣದಾಗಿ ಕೇಳಿಸಿತು ಅದು
ನಾಯಿ ಬೊಗಳುವುದರ ನಡುವೆ.
ಅವಳು ಏನೂ ಹೇಳಲಿಲ್ಲ.

"ಆ ಒಗಟು, ರೆನಿ... ಉತ್ತರ ಎಂತದು?
ನಾವ್ಯಾರೂ ಕೇಳಲೇ ಇಲ್ಲ."

ನನ್ನನ್ನು ನೋಡಿದಳು, ತುಂಬ ಹೊತ್ತು.
ಆಮೇಲೆ ಅವಳ ಭಾಷೆಯಲ್ಲಿ, ತುಟಿ ಕೂಡಿಸಿ:
ಮ್...
ಮ್...

ಬ್ಯಾಗಿನೊಳಗೆ ಏಡಿ ಕೆರೆಯುತ್ತಿತ್ತು.
ನಾನು ಕಾದೆ.