ಕಲ್ಲನ್ನು ಅದು ಅನ್ನಬಾರದು

ಮೊಂಟಾನಾದಲ್ಲಿ, ಬಾಕ್ಸ್ ಎಲ್ಡರಿನಿಂದ ಒಳಗೆ, ಬೇರ್ ಪಾ ಬೆಟ್ಟಗಳ ಬುಡದಲ್ಲಿ
ಟ್ರೇಲರ್ ಮನೆಯ ಹಿಂದೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ,
ತೋಟ ಅನ್ನಲು ನಾಚಿಕೆಯಾಗುವಷ್ಟು ನೆಲ.
ಅದರಲ್ಲೂ ಅರ್ಧ ಕಲ್ಲು.

ಲವೀನಾಗೆ ಏಳು ವರ್ಷ. ಹೆಕ್ಕಿದ ಕಲ್ಲನ್ನೆಲ್ಲ
ಬೇಲಿಯಾಚೆ ಬೀಸುತ್ತಿದ್ದಳು. ತಡೆದೆ.
ಎಸೆಯಬೇಡ, ಇಡು.
ನಮ್ಮ ಕ್ರೀ ಮಾತಿನಲ್ಲಿ ಕಲ್ಲು ಜೀವದ ಪೈಕಿ,
ಅಸಿನಿ ಅಂತ ಹೆಸರು.
ಬಿದ್ದಿದೆ ಅನ್ನುವುದಿಲ್ಲ ನಾವು,
ಕೂತಿದ್ದಾರೆ ಅನ್ನುತ್ತೇವೆ.

ಅಂದಿನಿಂದ ಕಲ್ಲುಗಳಿಗೆ ಬಹುವಚನ.
‘ಅಪ್ಪಾ, ಇವರು ತುಂಬ ಭಾರ ಇದ್ದಾರೆ.’
‘ಇವರು ಎರೆಹುಳದ ಮೇಲೇ ಕೂತುಬಿಟ್ಟಿದ್ದರು!’

ಆಲೂಗಡ್ಡೆಗೆ ಅಸ್ಕಿಪ್ವಾ. ಅಸ್ಕಿ ಎಂದರೆ ನೆಲ;
ಬಾಯಲ್ಲಿ ಮಣ್ಣಿಟ್ಟುಕೊಂಡೇ ಹುಟ್ಟಿದ ಹೆಸರು.
ಮೊಳಕೆಯೊಡೆದ ಗಡ್ಡೆಯನ್ನು ತಿರುಗಿಸಿ ಮುರುಗಿಸಿ ಕೇಳಿದಳು,
‘ಇವರು?’
ಇಲ್ಲ ಮಗಳೇ. ಅದು ಬರೀ ಅದು.
‘ಕಣ್ಣಿದೆಯಲ್ಲ!’

ಉತ್ತರ ಹೊಳೆಯದೆ ಹ್ಯಾವರ್‌ಗೆ ಫೋನು ಹಚ್ಚಿದೆ.
ಡಯಾಲಿಸಿಸ್ ಕುರ್ಚಿಯಲ್ಲಿದ್ದ ನನ್ನಮ್ಮ, ಅವಳ ಕೋಕುಮ್,
ನಕ್ಕು ನಕ್ಕು ನರ್ಸಿನ ಕೈಲಿ ಬೈಸಿಕೊಂಡಳು.
‘ವ್ಯಾಕರಣ ನಾನು ಮಾಡಿದ್ದಲ್ಲ ಕೂಸೇ.
ಕಣ್ಣು ಮೇಲೆ ಬರುವ ಹಾಗೆ ನೆಡು. ಅಷ್ಟು ಸಾಕು.’

ಮೊದಲ ಗುಳಿಗೆ ಒಂದು ಚಿಟಿಕೆ ತಂಬಾಕು.
ಕೇಳದೆ ತೆಗೆದುಕೊಳ್ಳಬಾರದು ನೆಲದಿಂದ,
ಬರಿಗೈಯಲ್ಲಿ ಕೇಳಲೂಬಾರದು.
ನಾನು ಸಿಗರೇಟು ಬಿಟ್ಟು ಎಂಟು ತಿಂಗಳು.
ಪಿಕಪ್ಪಿನ ಸೀಟಿನಡಿ ಕೈಯಾಡಿಸಿದರೆ
ಸೊಟ್ಟಗಾದದ್ದು ಒಂದೇ ಒಂದು ಸಿಕ್ಕಿತು.
ಮುರಿಯುವಾಗ ಬೆರಳು ನಡುಗಿದ್ದು ಕಂಡಿತೋ ಏನೋ,
ಲವೀನಾ ಅದರ ಮೇಲೆ ಬೇಗ ಬೇಗ ಮಣ್ಣೆಳೆದಳು.

ನನ್ನಜ್ಜನಿಗೆ ಗುದ್ದಲಿ ಕಂಡರಾಗುತ್ತಿರಲಿಲ್ಲ.
ಬೋರ್ಡಿಂಗ್ ಶಾಲೆಯಲ್ಲಿ, ಆಡಿದ ಒಂದೊಂದು ಕ್ರೀ ಮಾತಿಗೂ
ಒಂದೊಂದು ಸಾಲು ಬೀಟ್‌ರೂಟಿನ ಕಳೆ ಕೀಳಿಸಿದ್ದರಂತೆ.
ಅವನಿಗೆ ಮಾತು ಜಾಸ್ತಿ.
ಸಾಯುವ ತನಕ ಬೀಟ್‌ರೂಟ್ ಬಾಯಿಗಿಡಲಿಲ್ಲ.
ಇದನ್ನು ಮಗಳಿಗೆ ಹೇಳಿಲ್ಲ ಇನ್ನೂ.
ಆ ಬೀಜ ಯಾಕೆ ತರಲಿಲ್ಲವೆಂದು ಕೇಳಿದಾಗ
ಅಂಗಡಿಯಲ್ಲಿ ಮುಗಿದಿತ್ತು ಅಂದೆ.

ಈಗ ಸಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು
ಮೊಳಕೆ ಎಣಿಸುತ್ತಾಳೆ, ಯಾರ ಹಂಗಿಲ್ಲದೆ, ಕೂಗಿ:
ಪೇಯಕ್, ನೀಸೊ, ನಿಸ್ತೊ,
ನಾಲ್ಕು ಮರೆತು, ಮತ್ತೆ ಪೇಯಕ್.

ಜೂನ್ ಹತ್ತರ ರಾತ್ರಿ ಮಂಜು ಕಟ್ಟಿತು.
ಅವಳ ಹೊದಿಕೆ, ನನ್ನ ಹೊದಿಕೆ, ಕಾರಿನ ಟಾರ್ಪಾಲು
ಎಲ್ಲ ತೋಟಕ್ಕೆ ಹೊದಿಸಿ, ಕೋಟು ತೊಟ್ಟು ಮಲಗಿದೆವು.
ಜುಲೈಯಲ್ಲಿ ಬಾವಿಯ ಮೋಟಾರು ಕೆಟ್ಟು
ಡ್ರಮ್ಮಿನಲ್ಲಿ ನೀರು ಹೊತ್ತೆವು.
ಬಟಾಣಿ ಇನ್ನೇನು ಬಲಿಯಿತು ಅನ್ನುವ ಬೆಳಿಗ್ಗೆ ಕಿರುಚಿದಳು:
‘ಜಿಂಕೆ ಬಂದಿದ್ದರು! ಎಲ್ಲಾ ತಿಂದುಕೊಂಡು ಹೋಗಿದ್ದಾರೆ!’
ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ.

ಸೆಪ್ಟೆಂಬರಿಗೆ ಹತ್ತೊಂಬತ್ತು ಗಡ್ಡೆ. ಒಟ್ಟು.
ಮೊದಲ ಫಸಲು ನಮ್ಮದಲ್ಲ ಎಂದೆ.
ಹುಡುಗ ಮೊದಲ ಬೇಟೆ ಹೊಡೆದರೆ ಮಾಂಸ ಹಿರಿಯರ ಮನೆಗೆ,
ಇದೂ ಹಾಗೇ.
‘ಒಂದೂ ಇಲ್ಲವಾ ನಮಗೆ?’
ಅತ್ತಳು. ಸಿಂಬಳ ಒರೆಸಿಕೊಂಡಳು. ಬಕೆಟ್ಟು ಎತ್ತಿದಳು.

ಆಲ್ಫಾನ್ಸ್ ತಾತ ಬಾಗಿಲಲ್ಲೇ ಒಂದನ್ನು ಮೂಸಿ
‘ಹೈ ಹೈ’ ಎಂದ, ಕಣ್ಣು ಮುಚ್ಚಿ, ತುಂಬ ಹೊತ್ತು.
ಬಕೆಟ್ಟಿನಲ್ಲಿ ಇದ್ದದ್ದು ಹದಿನೆಂಟು.
ಅವಳ ಜಾಕೆಟ್ಟಿನ ಜೇಬು ಉಬ್ಬಿತ್ತು.
ನಾನು ಬೆಟ್ಟ ನೋಡುತ್ತಾ ನಿಂತೆ.

ಸಂಜೆ, ಬೇಲಿಯ ಬುಡದಲ್ಲಿ,
ಸಾಲಾಗಿ ಕೂತ ಕಲ್ಲುಗಳ ನಡುವೆ ಒಂದು ಆಲೂಗಡ್ಡೆ.
‘ಯಾರಿವರು?’ ಅಂದೆ.
‘ಅವರಲ್ಲ ಅಪ್ಪಾ, ಅದು,’ ಅಂದಳು,
‘ಕೂರೋದು ಕಲೀತಾ ಇದೆ.’