ಕತ್ತಿ ಎತ್ತಿ ಹಿಡಿಯುವ ಹೊತ್ತು

ಸಂತೆಯ ದಿನ ಸಿದ್ದಾಪುರದಲ್ಲಿ
ನನ್ನ ಎರಡು ಕುರ್ಚಿಗೆ ಏಳು ಗಡ್ಡ ಕಾಯುತ್ತವೆ.
ನೊರೆ ಹಚ್ಚಿದವರ ಎದುರು ಗೋಲಿನ ಮಾತು ಬೇಡ ಅಂತ
ಕನ್ನಡಿಯ ಪಕ್ಕ ಬರೆದು ಅಂಟಿಸಿದ್ದೇನೆ,
ಯಾರೂ ಓದುವುದಿಲ್ಲ.

ಒಮ್ಮೆ ಮೀನಿನ ಬೀರಾನಿಕ್ಕ
ತೊಂಬತ್ತಮೂರನೇ ನಿಮಿಷ ಅಂದದ್ದೇ ತಡ
ಸೆಲ್ವಂನ ಗಂಟಲಮಣಿ ಚಂಗನೆ ನೆಗೆದು
ಒಂದು ಹನಿ ರಕ್ತ.
ಅಂದಿನಿಂದ ಕಲಿತೆ:
ಮಾತು ಎಂಬತ್ತೈದು ದಾಟಿತೆಂದರೆ ಕತ್ತಿ ಎತ್ತಿ ಹಿಡಿಯುತ್ತೇನೆ.
ಗೋಲು ಒಳಗೆ ಹೋಗಿ, ಎಲ್ಲರೂ ಕೂಗಿ ಮುಗಿಸಿ,
ಆಮೇಲೆ ಕೆನ್ನೆಗೆ ಬರುತ್ತೇನೆ.

"ನಿನ್ನೆ ಎಂಬತ್ತೊಂಬತ್ತಕ್ಕೆ ಸರಿಯಾಗಿ ಕರೆಂಟು ಹೋಯ್ತು,"
ಸೆಲ್ವಂ ಹೇಳುತ್ತಾನೆ,
"ಲೈನ್‌ಮನೆಯಲ್ಲಿ ಒಂದೇ ಮೊಬೈಲು, ಹದಿನಾಲ್ಕು ತಲೆ.
ಚಿತ್ರ ಗಿರಗಿರ ಸುತ್ತುತ್ತಾ ನಿಂತಿತ್ತು,
ಚೆಂಡಿನ್ನೂ ನಡುಗೆರೆಯಲ್ಲಿ,
ಅಷ್ಟರಲ್ಲಿ ಮೇಲಿನ ಲೈನಿನಿಂದ ಬೊಬ್ಬೆ!
ಅವರಿಗೆ ಗೋಲಾಗಿ ಹೋಗಿದೆ, ನಮಗಿನ್ನೂ ಪಾಸೂ ಆಗಿಲ್ಲ.
ಗೆದ್ದಾಗಿದೆ, ಆದರೂ ಗೆಲುವು ಬರುವ ದಾರಿ ನೋಡ್ತಾ
ಕತ್ತಲಲ್ಲಿ ಕೂತೆವು."

"ಬಂದ ಮೇಲಾದರೂ ಕುಣಿಯೋಕಾಯ್ತಾ?"
ಬೀರಾನಿಕ್ಕ ಮತ್ತಿ ವಾಸನೆಯ ಕೈ ಬೀಸುತ್ತಾರೆ.
"ರೆಫ್ರಿ ಕಿವಿಗೆ ಬೆರಳಿಟ್ಟ. ಟಿವಿ ನೋಡಲು ಹೋದ.
ಎಲ್ಲೋ ಕೋಣೆಯಲ್ಲಿ ಕೂತವರು ಗೆರೆ ಎಳೆದು
ಮುಂದಿರುವುದು ಮೊಣಕಾಲೋ ಹೆಬ್ಬೆರಳೋ ಅಂತ ಅಳೆದರು.
ಜಮ್ಮಾ ಜಾಗದ ಸರ್ವೆಯೂ ಇಷ್ಟು ನಿಧಾನವಿಲ್ಲ!
ನಾಲ್ಕು ನಿಮಿಷ ಎತ್ತಿದ ಕೈ ಎತ್ತಿದ ಹಾಗೇ ಇಟ್ಟಿದ್ದೆ.
ಈಗ ಸಂತೋಷಕ್ಕೂ ಮೊಹರು ಬೀಳಬೇಕು."

ಪೇಪರಿನ ಹಿಂದಿನಿಂದ ಪೂವಯ್ಯನವರು,
ಒಂದು ಕಾಲದ ಲೆಫ್ಟ್ ಹಾಫ್,
ಮುಂಗಾಲಲ್ಲಿ ಇನ್ನೂ ಹಾಕಿ ಚೆಂಡಿನ ಗುಳಿ:
"ನಮ್ಮಲ್ಲಿ ಆಫ್‌ಸೈಡನ್ನೇ ತೆಗೆದುಬಿಟ್ಟರು ಕಣ್ರೋ.
ಹುಲ್ಲು ತೆಗೆದು ಪ್ಲಾಸ್ಟಿಕ್ ಹಾಸಿದರು,
ಆಟವನ್ನು ನಾಲ್ಕು ತುಂಡು ಮಾಡಿದರು,
ನಾನು ಸತ್ತೆನಾ?"
ಸತ್ತಿಲ್ಲ. ಆ ಪ್ಲಾಸ್ಟಿಕ್ಕಿನ ಮೇಲೆ ಕಾಲಿಟ್ಟೂ ಇಲ್ಲ.
ಎಲ್ಲರಿಗೂ ಗೊತ್ತು, ಯಾರೂ ಎತ್ತುವುದಿಲ್ಲ.

ನಮ್ಮ ಮೈದಾನಕ್ಕೆ ಇದಾವುದೂ ಬಂದಿಲ್ಲ.
ಕರಡಿಗೋಡಿನವರ ಜೊತೆಗಿನ ಆ ಸೆಮಿಫೈನಲ್ಲಿಗೆ
ಎಂಬತ್ತಕ್ಕೇ ಸೀಟಿ ಊದಿದ್ದು
ರೆಫ್ರಿಯಲ್ಲ, ಅರಣ್ಯದ ವಾಚರು:
ಮೂರು ಆನೆ, ಒಂದು ಮರಿ,
ಹೊಳೆ ದಾಟಿ ನೇರ ಕಾರ್ನರ್ ಬಾವುಟದ ಕಡೆಗೆ.
ಯಾವ ಗೆರೆ, ಯಾವ ಮರುಪರಿಶೀಲನೆ!
ಚಪ್ಪಲಿ ಬಿಟ್ಟು ಓಡಿದೆವು.
ಉಳಿದ ಹತ್ತು ನಿಮಿಷ ಇವತ್ತಿಗೂ ಅಲ್ಲೇ ಇವೆ
ಕಾಫಿ ಗಿಡಗಳ ಬುಡದಲ್ಲಿ,
ಒಂದಕ್ಕೊಂದು ಗೋಲಿನಲ್ಲಿ.

ಬೆಂಚಿನ ತುದಿಯಲ್ಲಿ ಸೆಲ್ವಂನ ಮಗಳು ಮಲರ್ವಿಳಿ,
ಹೈಸ್ಕೂಲಿನ ಗೋಲ್‌ಕೀಪರ್,
ಕೂದಲು ಕಣ್ಣಿಗೆ ಬೀಳ್ತದೆ, ಗಿಡ್ಡ ಮಾಡಿ ಅಂತ ಬಂದವಳು.
ಬಟ್ಟೆ ಹೊದಿಸುವಾಗ ಕನ್ನಡಿಗೆ ಹೇಳಿದಳು:
"ಕೊನೇ ನಿಮಿಷದ ಗೋಲು ಅಂತ
ನೀವೆಲ್ಲ ಹೊಡೆದವನ ಹಿಂದೆ ಓಡ್ತೀರಿ.
ಬಲೆಯೊಳಗಿಂದ ಚೆಂಡು ಹೆಕ್ಕೋದು ಯಾರು?
ವಿರಾಜಪೇಟೆಯಲ್ಲಿ ನನ್ನ ಬೆರಳಿಗೆ ತಾಗಿಯೇ ಹೋಯ್ತು.
ಆ ನಾಲ್ಕು ನಿಮಿಷ
ನಿಮಗೆ ಬರೀ ಕಾಯೋದು.
ನಮಗೆ, ಅದು ಇನ್ನೂ ಆಗಿಲ್ಲದಿರಬಹುದಾದ ಹೊತ್ತು.
ನನಗೆ ಅದನ್ನೂ ಯಾರೂ ಕೊಡಲಿಲ್ಲ."

ಪೇಪರು ಮಡಚಿದ ಸದ್ದು.
ಹೊರಗೆ ಮೀನಿನ ಬುಟ್ಟಿಯ ಹತ್ತಿರ ಬೆಕ್ಕು ಬಂದದ್ದನ್ನು
ಬೀರಾನಿಕ್ಕ ನೋಡಿಯೂ ಏಳಲಿಲ್ಲ.
ಯಾವ ಗೋಲೂ ಆಗದೆ ನನ್ನ ಕತ್ತರಿ ಗಾಳಿಯಲ್ಲೇ ನಿಂತಿತ್ತು.

"ಯಾವ ಬೆರಳು?" ಪೂವಯ್ಯನವರು ಕೇಳಿದರು.
ಬಟ್ಟೆಯಡಿಯಿಂದ ಎಡಗೈ ತೆಗೆದು
ಕಿರುಬೆರಳು ತೋರಿಸಿದಳು.
ಎಲ್ಲರೂ ಬಗ್ಗಿ ನೋಡಿದೆವು,
ಗೆರೆ ಎಳೆಯುವವರ ಹಾಗೆ.