ಹಿಂಗೋಡೆ

ಶುಕ್ರವಾರ ಸಿತ್ರಾದಲ್ಲಿ ಗ್ಯಾರೇಜುಗಳಿಗೆ ಬೀಗ.
ಹಿಂಗೋಡೆ ನಮ್ಮದು, ಹನ್ನೊಂದರವರೆಗೆ.
ಆಮೇಲೆ ಬಿಸಿಲಿನದು.

ಹಿಂದಿನ ರಾತ್ರಿಯೇ ನಾನು ಗೆರೆ ಎಳೆದಿಟ್ಟಿದ್ದೆ:
ದೋಣಿ, ಮುತ್ತು, ಹಾರುವ ಹಕ್ಕಿ.
"ಬಣ್ಣ ತುಂಬೋದಷ್ಟೇನಾ ಸರ್?"
ಶಮ್ನಾ ಕೇಳಿದಳು.
ಉತ್ತರ ಹೊಳೆಯಲಿಲ್ಲ.
ಒದ್ದೆ ಬಟ್ಟೆ ತಂದು ಎಲ್ಲ ಒರೆಸಿದೆ.

ಕಾರಿಗೆ ಬಣ್ಣ ಹೊಡೆಯುವ ಮೋನಪ್ಪಣ್ಣ
ರಜೆಯ ನಿದ್ದೆ ಬಿಟ್ಟು ಲುಂಗಿಯಲ್ಲೇ ಬಂದರು.
"ಈ ಸೆಕೆಗೆ ಬಣ್ಣ ಬ್ರಶ್ಶಲ್ಲೇ ಸಾಯ್ತದೆ ಮಾರಾಯ್ರೆ,
ಮೊದಲು ಗೋಡೆಗೆ ನೀರು ಕುಡಿಸಿ."
ಮಕ್ಕಳು ಕುಡಿಸಿದರು, ಅರ್ಧ ನನ್ನ ಮೈಗೆ.
ದರ್ಜಿ ಗುಲ್ ನವಾಜ್ ಕಿವಿಯ ಸಂದಿನ ಸೀಮೆಸುಣ್ಣ ತೆಗೆದು
ರೆನಿಟನನ್ನು ಗೋಡೆಗೊರಗಿಸಿ
ಸುತ್ತ ಗೆರೆ ಎಳೆದ,
ಅಂಗಿ ಕತ್ತರಿಸುವವನಂತೆ.
ಮತ್ತೆ ಎಲ್ಲರೂ ಸಾಲು ನಿಂತರು.
ಮೋನಪ್ಪಣ್ಣನೂ,
ಹೊಟ್ಟೆ ಒಳಗೆಳೆದುಕೊಂಡು.

ಶಮ್ನಾ ಮಾತ್ರ ಮೂಲೆಯಲ್ಲಿ
ಬೂದಿಗೆ ನೀಲಿ ಕಲಸುತ್ತಿದ್ದಳು.
ಏನದು?
"ನೆರಳು ಸರ್. ಮರ ಆಮೇಲೆ ಯಾರಾದ್ರೂ ಬರೀಲಿ."

ಶನಿವಾರ ಚಹಾದ ಹೊತ್ತಿಗೆ ಹಾದು ಹೋಗುವಾಗ ಕಂಡೆ:
ಕವರಾಲ್ ತೊಟ್ಟ ಮೂವರು ಅಪರಿಚಿತರು,
ಗೋಡೆಯುದ್ದಕ್ಕೂ ಜಾಗವಿದ್ದರೂ
ಆ ಬೂದು ನೀಲಿಗೇ ಬೆನ್ನು ಕೊಟ್ಟು
ಖುಬೂಸ್ ಮುರಿಯುತ್ತಿದ್ದರು.